ಅಮ್ಮನ ಸೀಟಿನ ಅಳತೆ

ಫೆಬ್ರವರಿ 3

ಅಕ್ಕ,

ಈ ಕಾಗದವನ್ನು ಒಡೆದು ಓದುತ್ತೀಯೋ, ಹಾಗೇ ಡ್ರಾಯರಿಗೆ ಹಾಕುತ್ತೀಯೋ ತಿಳಿಯದು. ಹಾಕುವುದೇ ಆದರೆ ಮೊದಲ ನಾಲ್ಕು ಸಾಲು ಓದಿ ಹಾಕು. ಅಮ್ಮನಿಗೆ ಹುಷಾರಿಲ್ಲ. ಬೆನ್ನುಮೂಳೆಗೆ ಬಂದ ಕಾಯಿಲೆ ಈಗ ಸೊಂಟಕ್ಕೂ ಇಳಿದಿದೆ. ಇನ್ನು ನೋವಿಗೆ ಮಾತ್ರ ಔಷಧಿ ಕೊಡೋಣ ಎಂದು ಡಾಕ್ಟರು ಹೇಳಿಬಿಟ್ಟರು. ಅವರು ಐದು ತಿಂಗಳು ಎನ್ನುತ್ತಾರೆ, ನರ್ಸಾಗಿ ನಾನು ನಾಲ್ಕು ಎನ್ನುತ್ತೇನೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ಬೈಗುಳ ತಲುಪುವಷ್ಟರಲ್ಲಿ ಬೈದವರ ಕೋಪವಾದರೂ ಇಳಿದಿರುತ್ತದೆ.

ಹೋದ ಭಾನುವಾರ ಅಮ್ಮನ ಬೆನ್ನು ಒರೆಸುತ್ತಿದ್ದೆ. ಗೋಡೆಯ ಕಡೆ ತಿರುಗಿಕೊಂಡೇ ಕೇಳಿದಳು, "ದೊಡ್ಡವಳು ಬಾ ಅಂತಾಳಾ? ಒಂದ್ಸಲ ಕೇಳಿ ನೋಡ್ತೀಯಾ?" ನಾನು ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿದೆ. "ಅವಳ ಮನೇಲಿ ಸಾಯ್ಬೇಕು ಅಂತಲ್ಲ ಕಣೇ. ಅವಳ ಮನೇಲಿ ಸ್ವಲ್ಪ ದಿನ ಇರ್ಬೇಕು ಅಂತ," ಅಂದಳು.

ಏರ್‌ಪೋರ್ಟಿನ ಬಾಗಿಲಲ್ಲಿ ನೀನು ಅವಳಿಗೆ ಏನು ಹೇಳಿದ್ದೆ ಎಂದು ನನಗೆ ಗೊತ್ತು. "ಹೋಗೋದಾದ್ರೆ ಅಲ್ಲೇ ಇದ್ಬಿಡು. ತಿರುಗಿ ಬರೋದು ಬೇಡ." ಅಮ್ಮ ನನ್ನ ಹೆರಿಗೆಗೆಂದು ಮೂರು ತಿಂಗಳ ಮಟ್ಟಿಗೆ ಇಲ್ಲಿಗೆ ಬಂದವಳು. ಆ ಮಗುವಿಗೆ ಈಗ ಹನ್ನೆರಡು ವರ್ಷ. "ಅವಳು ಕೋಪದಲ್ಲಿ ಅಂದ್ಲು, ನಾನು ಹಠದಲ್ಲಿ ಕೂತೆ. ಇಬ್ಬರದೂ ಒಂದೇ ರಕ್ತ, ಏನ್ ಮಾಡೋದು," ಎನ್ನುತ್ತಾಳೆ ಅಮ್ಮ.

ನನ್ನ ಕೆಲಸ ನಿನಗೆ ಗೊತ್ತಿದೆ. ಕಾಯಿಲೆಯವರನ್ನು ಒಂದು ದೇಶದಿಂದ ಇನ್ನೊಂದಕ್ಕೆ ವಿಮಾನದಲ್ಲಿ ಕರೆದುಕೊಂಡು ಹೋಗುವ ನರ್ಸು ನಾನು. ಬಿಸಿನೆಸ್ ಕ್ಲಾಸಿನಲ್ಲಿ ಸೀಟು ಪೂರ್ತಿ ಹಾಸಿಗೆಯಾಗುತ್ತದೆ. ಅವರು ಮಲಗುತ್ತಾರೆ, ಪಕ್ಕದ ಸೀಟಿನಲ್ಲಿ ನಾನು ಕೂರುತ್ತೇನೆ. ಇಲ್ಲಿಂದ ನಿಮ್ಮಲ್ಲಿಗೆ ಹದಿನಾಲ್ಕು ಗಂಟೆ. ಮಲಗಿಕೊಂಡಾದರೆ ಅಮ್ಮ ಬರಬಲ್ಲಳು. ತೊಡಕಿರುವುದು ಎರಡೇ ಕಡೆ. ವಿಮಾನ ಏರುವಾಗ ಮತ್ತು ಇಳಿಯುವಾಗ ಸೀಟು ನೆಟ್ಟಗಿರಬೇಕು, ಬೆಲ್ಟು ಕಟ್ಟಿರಬೇಕು. ಒಂದೊಂದಕ್ಕೂ ಇಪ್ಪತ್ತು ಇಪ್ಪತ್ತೈದು ನಿಮಿಷ. ಅಷ್ಟು ಹೊತ್ತು ಕೂರಲಾಗದವರನ್ನು ಅವರು ಹತ್ತಿಸಿಕೊಳ್ಳುವುದಿಲ್ಲ. ಅಮ್ಮ ಈಗ ಐದು ನಿಮಿಷ ಕೂತರೆ ತುಟಿ ಕಚ್ಚಿಕೊಳ್ಳುತ್ತಾಳೆ.

ನೀನು ಆ ಸೀಟುಗಳನ್ನೇ ಮಾಡುವವಳು. ಅಮ್ಮನನ್ನು ಇಪ್ಪತ್ತೈದು ನಿಮಿಷ ನೋವಿಲ್ಲದೆ ಕೂರಿಸುವಂಥ ಒಂದು ಮೆತ್ತೆ ಮಾಡಿಕೊಡುತ್ತೀಯಾ? ಅವಳ ಅಳತೆ ತೆಗೆದು ಹಾಳೆಯ ಹಿಂದೆ ಬರೆದಿದ್ದೇನೆ. ಫೋಟೋ ಕಳಿಸೋಣವೆಂದರೆ ತೆಗೆಯಲು ಬಿಡುವುದಿಲ್ಲ. "ಈ ಮುಖ ಅವಳಿಗ್ಯಾಕೆ," ಅನ್ನುತ್ತಾಳೆ.

ಬೈಯುವುದಿದ್ದರೂ ಬರೆದು ಬೈ.

ನೀನಿಟ್ಟ ಹೆಸರಿನ,
ಗಿಣಿ


ಫೆಬ್ರವರಿ 19

ಗಿಣಿ,

ಓದಿದೆ. ಬಾ ಅಂದಿದ್ದೇನೆ ಎಂದು ಅಮ್ಮನಿಗೆ ಹೇಳು. ಮೊದಲು ಅದನ್ನು ಹೇಳಿ ಬಂದು ಆಮೇಲೆ ಉಳಿದದ್ದು ಓದು.

ನಾನೇ ಯಾಕೆ ನಿಮ್ಮಲ್ಲಿಗೆ ಬರಬಾರದು ಎಂದು ನೀನು ಕೇಳಿಲ್ಲ. ನಿಮ್ಮ ಭಾವ ಕೇಳಿದರು. ನಾನು ಬಂದರೆ ಅದು ನಿನ್ನ ಮನೆ. ಯಾವ ಲೋಟ ಎಲ್ಲಿದೆ ಎಂದು ನಿನ್ನನ್ನು ಕೇಳಬೇಕು, ಅಮ್ಮನಿಗೆ ಏನು ಇಷ್ಟ ಎಂದೂ ನಿನ್ನನ್ನೇ ಕೇಳಬೇಕು. ನೆಂಟಳ ಹಾಗೆ ಹಾಸಿಗೆಯ ತುದಿಯಲ್ಲಿ ಕೂತು ಬರಲು ನನ್ನಿಂದಾಗದು. ಹನ್ನೆರಡು ವರ್ಷ ನೀನು ಇಟ್ಟುಕೊಂಡೆ. ಕಡೆಗಾದರೂ ಅವಳು ನನಗೆ ಬೇಕು. ಹೊಟ್ಟೆಕಿಚ್ಚು ಅನ್ನು, ಅನ್ನಿಸಿಕೊಳ್ಳುತ್ತೇನೆ.

ಮೆತ್ತೆ ಮಾಡುತ್ತೇನೆ. ವರ್ಕ್‌ಶಾಪಿನ ಸೂಪರ್‌ವೈಸರಿಗೆ ನಾವು ಇಟ್ಟಿರುವ ಹೆಸರು ಕತ್ತರಿ. ಯಾವುದನ್ನೂ ಪೂರ್ತಿ ಕೊಟ್ಟವರಲ್ಲ, ರಜೆಯನ್ನೂ ಅರ್ಧ ಮಾಡಿಯೇ ಕೊಡುತ್ತಾರೆ. ಅವರ ಹತ್ತಿರ ಹೋಗಿ ನಿಂತೆ. ಕಾರಣ ಕೇಳಿದರು, ಹೇಳಿದೆ. ಫೋಮ್ ಇಟ್ಟಿರುವ ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದರು. ನನಗೆ ಕಣ್ಣು ತುಂಬಿತು.

ಇಪ್ಪತ್ತೆರಡು ವರ್ಷದಿಂದ ಬಿಸಿನೆಸ್ ಕ್ಲಾಸಿನ ಸೀಟು ಹೊಲಿಯುತ್ತಿದ್ದೇನೆ. ಒಮ್ಮೆಯೂ ವಿಮಾನ ಹತ್ತಿಲ್ಲ. ಆದರೂ ಅದರಲ್ಲಿ ಕೂರುವವರು ನನಗೆ ಗೊತ್ತು. ರಿಪೇರಿಗೆಂದು ಹೊದಿಕೆಗಳು ವಾಪಸು ಬರುತ್ತವಲ್ಲ, ಅವೇ ಎಲ್ಲ ಹೇಳುತ್ತವೆ. ಎಡಗೈ ಇಡುವ ಕಡೆ ಉಗುರಿನಲ್ಲಿ ಕೆರೆದ ಗುರುತಿದ್ದರೆ ಹೆದರಿಕೊಂಡು ಹಾರಿದವರು. ತಲೆಯ ಹತ್ತಿರ ಒಂದು ಪಕ್ಕ ಮಾತ್ರ ಸವೆದಿದ್ದರೆ ಹದಿನಾಲ್ಕು ಗಂಟೆಯೂ ಕಿಟಕಿಗೆ ಮುಖ ಮಾಡಿ ಕೂತವರು. ಮಡಿಕೆಗಳಲ್ಲಿ ಕಿವಿಯೋಲೆ, ಪೆನ್ನು, ಮಾತ್ರೆ, ಒಂದು ಸಲ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತ್ತು. ಅವರು ಊಟ ಹೇಗೆ ಮಾಡಿದರೋ ಎಂದು ವಾರವಿಡೀ ನಕ್ಕೆವು.

ಇನ್ನು ನೀನು ಬರೆದ ಅಳತೆ. ನೋಡಿ ನಗು ಬಂತು. ಕೂತಾಗ ಸೊಂಟದ ಅಗಲ ಹನ್ನೆರಡು ಇಂಚಂತೆ! ಟೇಪನ್ನು ಯಾವ ಕಡೆಯಿಂದ ಹಿಡಿದಿದ್ದೆ? ಅಮ್ಮ ಬೆತ್ತದ ಕುರ್ಚಿಯಿಂದ ಏಳುವಾಗ ಕುರ್ಚಿಯೂ ಜೊತೆಗೇ ಏಳುತ್ತಿದ್ದದ್ದು ಮರೆತೆಯಾ? ಕಾಯಿಲೆಗೆ ಸ್ವಲ್ಪ ಇಳಿದಿರಬಹುದು, ಒಪ್ಪುತ್ತೇನೆ. ಹದಿನೆಂಟಿದ್ದದ್ದು ಹದಿನೇಳಾಗಿರಬಹುದು. ಚಿಕ್ಕಂದಿನಲ್ಲಿ ಗೊಂಬೆಯ ಲಂಗಕ್ಕೂ ನೀನು ಸರಿಯಾದ ಅಳತೆ ತೆಗೆದವಳಲ್ಲ. ಈ ಕೆಲಸ ನನಗೆ ಬಿಡು. ಅಮ್ಮನ ಅಳತೆ ನನ್ನ ಕೈಗೆ ಗೊತ್ತು.

ಇಷ್ಟೇ,
ಅಕ್ಕ


ಮಾರ್ಚ್ 8

ಅಕ್ಕ,

ನೀನು ಬಾ ಅಂದಿದ್ದೀಯೆಂದು ಹೇಳಿದೆ. ಅಮ್ಮ ಹೊದಿಕೆ ಸರಿಮಾಡಿಕೊಂಡಳು. ಅರ್ಧ ಗಂಟೆ ಬಿಟ್ಟು, "ಅವಳ ಮನೇಲಿ ಕಿಟಕಿ ಯಾವ ಕಡೆ ಇದೆ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ನಾನೂ ನಿನ್ನ ಹೊಸ ಮನೆ ನೋಡಿಲ್ಲವಲ್ಲ.

ಅಂದಿನಿಂದ ಬಿಸಿನೆಸ್ ಕ್ಲಾಸಿನಲ್ಲಿ ಏನೇನಿರುತ್ತದೆ ಹೇಳು ಎಂದು ತಲೆ ತಿನ್ನುತ್ತಿದ್ದಾಳೆ. ಹೇಳಿದ್ದನ್ನೇ ಮತ್ತೆ ಹೇಳಿಸುತ್ತಾಳೆ. ಒಬ್ಬರು ವಯಸ್ಸಾದ ಮೇಷ್ಟ್ರನ್ನು ಕರೆದುಕೊಂಡು ಹೋಗಿದ್ದೆ. ಅರ್ಧ ಮೈಗೆ ಸ್ವಾಧೀನವಿರಲಿಲ್ಲ. ಸರಿಯಿದ್ದ ಕೈಯಿಂದ ಸೀಟಿನ ಗುಂಡಿ ಒತ್ತಿ ಮೇಲೆ ಕೆಳಗೆ, ಮೇಲೆ ಕೆಳಗೆ ಮಾಡುತ್ತಾ ಇಡೀ ಸಮುದ್ರ ದಾಟಿದರು. ಅಮ್ಮನಿಗೆ ಈ ಮೇಷ್ಟ್ರೆಂದರೆ ಬಲು ಇಷ್ಟ. ಇನ್ನೊಬ್ಬರು ಸೀಟಿನ ಪಕ್ಕದ ಪುಟ್ಟ ಬಾಗಿಲನ್ನು ಎಳೆದು ಮುಚ್ಚಲು ಹೇಳಿದರು. "ಸ್ವಲ್ಪ ಅತ್ಕೋಬೇಕು ಸಿಸ್ಟರ್, ಹತ್ತು ನಿಮಿಷ," ಅಂದರು. ಸರಿಯಾಗಿ ಹತ್ತು ನಿಮಿಷಕ್ಕೆ ತೆರೆದು ಕಾಫಿ ಕೇಳಿದರು. ಇವರ ಕಥೆ ಹೇಳಿದಾಗ ಅಮ್ಮ ನಗಲಿಲ್ಲ.

ನೀನು ಕೇಳದಿದ್ದರೂ ಒಂದು ದೂರು ಹೇಳುತ್ತೇನೆ. ಸೀಟನ್ನು ಪೂರ್ತಿ ಹಾಸಿಗೆ ಮಾಡಿದಾಗ ಕೂರುವ ಭಾಗವೂ ಕಾಲಿನ ಭಾಗವೂ ಸೇರುವ ಕಡೆ ಒಂದು ಗೆರೆ ತೊಡೆಗೆ ಒತ್ತುತ್ತದೆ. ಕಾಲು ತೂರಿಸುವ ಗೂಡು ಇಕ್ಕಟ್ಟು, ಬಾತ ಪಾದದವರಿಗೆ ಹಿಂಸೆ. ನಿಮ್ಮ ಕತ್ತರಿಯವರಿಗೆ ತಿಳಿಸು.

ಅಳತೆ ಇನ್ನೊಮ್ಮೆ ತೆಗೆದೆ ಅಕ್ಕ. ಎರಡು ಸಲ ತೆಗೆದೆ. ಹನ್ನೆರಡೇ ಬಂತು. ನಿಜ ಹೇಳಬೇಕೆಂದರೆ ಕಾಲಿಂಚು ಕಡಿಮೆಯೇ ಬಂತು.

ಏಪ್ರಿಲ್ 14ಕ್ಕೆ ಎರಡು ಸೀಟು ಹೇಳಿಟ್ಟಿದ್ದೇನೆ.

ಕಾಯುತ್ತಿರುವ,
ಗಿಣಿ


ಮಾರ್ಚ್ 24

ಗಿಣಿ,

ಮೆತ್ತೆ ಈ ಕಾಗದದ ಜೊತೆಗೇ ಬರುತ್ತಿದೆ. ನಿನ್ನ ಕಾಗದ ಬರುವಷ್ಟರಲ್ಲಿ ಫೋಮ್ ಕತ್ತರಿಸಿ ಆಗಿತ್ತು, ಹಾಗಾಗಿ ಮತ್ತೆ ಅಳತೆಯ ಮಾತು ಎತ್ತಬೇಡ.

ಹೇಗಿದೆ ಕೇಳು. ಅಡಿಯಲ್ಲಿ ಗಟ್ಟಿ ಫೋಮ್, ಮೇಲೆ ಎರಡು ಪದರ ಮೆತ್ತಗಿನದು. ಬೆನ್ನಿನ ತುದಿಯ ಮೂಳೆ ಬರುವ ಕಡೆ ಒಂದು ಕುಳಿ ಬಿಟ್ಟಿದ್ದೇನೆ. ಆ ಮೂಳೆ ಎಲ್ಲಿಗೂ ತಾಗದೆ ಗಾಳಿಯಲ್ಲಿರುತ್ತದೆ. ಎರಡು ಪಕ್ಕದಲ್ಲೂ ತಡೆ ಕಟ್ಟಿದ್ದೇನೆ, ಸೊಂಟವನ್ನು ಆ ಕಡೆ ಈ ಕಡೆ ಜಾರದಂತೆ ಹಿಡಿದುಕೊಳ್ಳಲು. ಫೋಮಿನ ಮೇಲೆ ಬೆಂಕಿ ಹಿಡಿಯದ ಬಟ್ಟೆ ಹೊದಿಸಿದೆ. ಕತ್ತರಿಯವರು ಅದರ ಒಂದು ತುಂಡನ್ನು ಸುಟ್ಟು ಪರೀಕ್ಷೆ ಮಾಡಿ ಕಾಗದ ಬರೆದು ಸಹಿ ಹಾಕಿದ್ದಾರೆ. ಅದನ್ನು ವಿಮಾನದವರಿಗೆ ತೋರಿಸು. ಒಂದೂ ಹೊಲಿಗೆ ಅಮ್ಮನ ಮೈಗೆ ತಾಗುವುದಿಲ್ಲ, ಎಲ್ಲ ಅಂಚಿಗೆ ಸರಿಸಿದ್ದೇನೆ. ಇಷ್ಟು ವರ್ಷದಲ್ಲಿ ಇಂಥ ಕೆಲಸ ನಾನು ಮಾಡಿಲ್ಲ. ಕೂತು ನೋಡಿದ ನಮ್ಮ ಹುಡುಗಿಯರು ಏಳಲು ಒಪ್ಪಲಿಲ್ಲ.

ಕಿಟಕಿ ಪೂರ್ವಕ್ಕಿದೆ ಎಂದು ಅಮ್ಮನಿಗೆ ಹೇಳು. ಮುಂದಿನ ಕೋಣೆ ಖಾಲಿ ಮಾಡಿದ್ದೇವೆ. ನಿಮ್ಮ ಭಾವ ಗೋಡೆಗೆ ಬಣ್ಣ ಹೊಡೆದರು, ಅರ್ಧ ತಮ್ಮ ತಲೆಗೂ ಹೊಡೆದುಕೊಂಡರು. ಹಾಸಿಗೆಯ ಪಕ್ಕ ಒಂದು ಕುರ್ಚಿ ಹಾಕಿದ್ದೇನೆ. ಅದರಲ್ಲಿ ನಾನು ಕೂರುತ್ತೇನೆ. ಕೂತು ಮೊದಲು ಏನು ಮಾತಾಡಬೇಕು ಎನ್ನುವುದು ಮಾತ್ರ ತಿಳಿಯುತ್ತಿಲ್ಲ. ಬಸ್ಸಿನಲ್ಲಿ, ಮಿಷನ್ನಿನ ಮುಂದೆ, ಎಲ್ಲ ಕಡೆ ಅದನ್ನೇ ಹೇಳಿಕೊಂಡು ನೋಡುತ್ತಿದ್ದೇನೆ. ಒಂದೂ ಸರಿಯಾಗುತ್ತಿಲ್ಲ. ನನಗೆ ಭಯವಾಗುತ್ತಿದೆ ಗಿಣಿ.

15ರ ಬೆಳಿಗ್ಗೆ ಏರ್‌ಪೋರ್ಟಿನ ಬಾಗಿಲ ಹತ್ತಿರವೇ ನಿಂತಿರುತ್ತೇನೆ.

ಅಕ್ಕ


ಏಪ್ರಿಲ್ 21

ಪುಟ್ಟಿ,

ನಿನಗೆ ಐವತ್ತಾದರೂ ನನಗೆ ಪುಟ್ಟಿಯೇ. ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಮಲಗಿಕೊಂಡು ತುದಿ ಮೇಲೆ ಮಾಡಿ ಬರೆದರೆ ಪೆನ್ನಿನ ಶಾಯಿ ಬರುವುದಿಲ್ಲ. ಇದನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ಅಕ್ಷರ ವಕ್ರವಾಗಿದ್ದರೆ ಅದು ದಿಂಬಿನ ತಪ್ಪು.

ನೀನು ಅಂದು ಬಾಗಿಲಲ್ಲಿ ನಿಂತು ಕಾದಿರುತ್ತೀಯ. ನೆನೆದರೆ ಎದೆ ಹಿಂಡುತ್ತದೆ. ಏನೂ ಆಗಿಲ್ಲ, ಜ್ವರ ಬಂತು, ಅಷ್ಟೆ. ನೂರಾ ಎರಡು ಇತ್ತು. ವಿಮಾನದ ಹುಡುಗಿ ಹಣೆ ಮುಟ್ಟಿ ನೋಡಿದಳು. ಆಮೇಲೆ ಎಡಗಡೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು. ಅದರ ತುದಿ ತಣ್ಣಗಿತ್ತು. ಜ್ವರ ಇರುವವರನ್ನು ಕರೆದುಕೊಂಡು ಹೋಗುವ ಹಾಗಿಲ್ಲವಂತೆ. ಅವರ ನಿಯಮ ಅವರದು, ಇಳಿಸಿದರು.

ಆದರೆ ನಿನ್ನ ಸೀಟಿನಲ್ಲಿ ನಾನು ಕೂತೆ ಪುಟ್ಟಿ. ನಲವತ್ತು ನಿಮಿಷ ಕೂತೆ. ಅಬ್ಬಾ, ಒಬ್ಬರಿಗೆ ಅಷ್ಟು ಜಾಗವೇ! ನಮ್ಮ ಹಳೆಯ ಮನೆಯಲ್ಲಿ ಅಷ್ಟು ಜಾಗದಲ್ಲಿ ನಾವು ಮೂವರೂ ಮಲಗುತ್ತಿದ್ದೆವು. ಕಾಲಿಗೆ ಚೀಲ, ಕಣ್ಣಿಗೆ ಪಟ್ಟಿ, ಓದಲು ಪುಟ್ಟ ದೀಪ. ಬಿಸಿ ಬಟ್ಟೆ ತಂದುಕೊಟ್ಟರು, ಯಾಕೆಂದು ತಿಳಿಯದೆ ಮಡಿಚಿಟ್ಟುಕೊಂಡೆ. ಗಿಣಿ ಮುಖ ಒರೆಸಿಕೊಳ್ಳಲು ಅಂದಳು. ಕಿಟಕಿಯ ಪರದೆಯನ್ನೂ ಗುಂಡಿ ಒತ್ತಿ ಇಳಿಸಬೇಕು. ಎರಡು ಸಲ ಇಳಿಸಿದೆ, ಎರಡು ಸಲ ಏರಿಸಿದೆ.

ಸೀಟಿನ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದೆ. ಅದು ನಿನ್ನದೋ ಬೇರೆಯವರದೋ ಗೊತ್ತಿಲ್ಲ, ನಿನ್ನದೇ ಅಂದುಕೊಂಡೆ. ಎದುರು ಕೂತಿದ್ದ ದಪ್ಪ ಮನುಷ್ಯನಿಗೆ, "ಇದು ನನ್ನ ಮಗಳ ಕೆಲಸ," ಅಂದೆ. ಅವನಿಗೆ ನಮ್ಮ ಮಾತು ಬಾರದು. ಆದರೂ ತಲೆ ಆಡಿಸಿದ, ಒಳ್ಳೆಯವನು. ನಿನ್ನ ಮೆತ್ತೆಯಂತೂ ಹೇಳಿ ಮಾಡಿಸಿದ ಹಾಗಿತ್ತು. ಒಂದು ಚೂರೂ ನೋಯಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ನೀನು ಅಂದ ಒಂದು ಮಾತಿಗೆ ನಾನು ಹನ್ನೆರಡು ವರ್ಷ ಇಲ್ಲಿ ಕೂತೆ ಎಂದು ನೀನು ಕೊರಗುತ್ತಿರಬಹುದು. ಅಷ್ಟು ದೊಡ್ಡ ಹಠ ನನಗೆಲ್ಲಿಂದ ಬರಬೇಕು? ಇಲ್ಲಿ ಮಗು ಇತ್ತು. ಅದು ನಕ್ಕರೆ ದಿನ ಹೋದದ್ದು ಗೊತ್ತಾಗುತ್ತಿರಲಿಲ್ಲ. ಮುಂದಿನ ತಿಂಗಳು ಹೋಗೋಣ, ಮುಂದಿನ ವರ್ಷ ಹೋಗೋಣ ಅಂದುಕೊಂಡೇ ಇದ್ದೆ. ನಿನ್ನನ್ನು ನೆನೆಯದ ದಿನವಿಲ್ಲ, ಆದರೆ ಹೊರಡಲೂ ಇಲ್ಲ. ತಪ್ಪು ನನ್ನದೂ ಇದೆ.

ಜ್ವರ ಬಿಡಲಿ, ಬರುತ್ತೇನೆ.

ನಿನ್ನ ಅಮ್ಮ


ಮೇ 1

ಗಿಣಿ,

ಅಮ್ಮನ ಕಾಗದ ಬಂತು. ಓದಿ ಓದಿ ಪೆನ್ಸಿಲ್ಲಿನ ಅಕ್ಷರ ಅಳಿಸಿಹೋಗುತ್ತದೆಂದು ಈಗ ಮುಟ್ಟುವುದನ್ನು ಬಿಟ್ಟಿದ್ದೇನೆ.

ನೀನು ಆ ದಿನ, "ಇಳಿಸಿದರು, ಜ್ವರ" ಎಂದು ಎರಡು ಪದದ ಸುದ್ದಿ ಕಳಿಸಿದವಳು ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದೀಯ. ಅಮ್ಮ ಸುಳ್ಳು ಹೇಳುವಾಗ ವಿವರ ಜಾಸ್ತಿ ಹೇಳುತ್ತಾಳೆ. ಅಪ್ಪ ತೀರಿಕೊಂಡ ವರ್ಷ, "ನಾನು ಊಟ ಮಾಡಿ ಆಯ್ತು, ಎರಡು ಸಲ ಹಾಕಿಸ್ಕೊಂಡೆ, ಉಪ್ಪು ಸ್ವಲ್ಪ ಮುಂದಿತ್ತು," ಎಂದು ಹೇಳುತ್ತಿದ್ದಳಲ್ಲ, ಖಾಲಿ ಪಾತ್ರೆ ತೊಳೆಯುತ್ತಾ. ಎಡಗಡೆ ಕಂಕುಳಂತೆ, ಥರ್ಮಾಮೀಟರಿನ ತುದಿ ತಣ್ಣಗಿತ್ತಂತೆ.

ಯಾಕೆ ಇಳಿಸಿದರು? ನಿಜ ಬರೆ. ನನ್ನ ಮೇಲೆ ಆಣೆ.

ಅಕ್ಕ


ಮೇ 9

ಅಕ್ಕ,

ಬರೆಯಬಾರದು ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಮುರಿಯುತ್ತಿದ್ದೇನೆ.

ಜ್ವರ ಇರಲಿಲ್ಲ. ಮೆತ್ತೆ ದೊಡ್ಡದಾಗಿತ್ತು.

ನೀನು ಸೊಂಟ ಹಿಡಿಯಲೆಂದು ಕಟ್ಟಿದ ತಡೆಗಳು ಅಮ್ಮನಿಂದ ಆ ಕಡೆ ಮೂರು ಇಂಚು, ಈ ಕಡೆ ಮೂರು ಇಂಚು ದೂರದಲ್ಲಿದ್ದವು. ಮೂಳೆಗೆಂದು ಬಿಟ್ಟ ಕುಳಿ ಬೇರೆಲ್ಲೋ ಬಂತು. ಮೂಳೆ ಸರಿಯಾಗಿ ಅದರ ಅಂಚಿನ ಮೇಲೆ ಕೂತಿತು. ನಾನು ನಾಲ್ಕು ಟವೆಲ್ ಸುತ್ತಿ ಪಕ್ಕಕ್ಕೆ ತುರುಕಿದೆ. ಸೀಟನ್ನು ನೆಟ್ಟಗೆ ಮಾಡಿದ ಕೂಡಲೇ ಅಮ್ಮ ಟವೆಲ್ ಸಮೇತ ಮುಂದಕ್ಕೆ ಜಾರಿದಳು. ಸೊಂಟದ ಮೇಲಿರಬೇಕಾದ ಬೆಲ್ಟು ಹೊಟ್ಟೆಗೆ ಬಂತು. ಎತ್ತಿ ಕೂರಿಸಿದೆವು, ಮತ್ತೆ ಜಾರಿದಳು. ಮೂರು ಸಲ. ಎದುರಿನ ದಪ್ಪ ಮನುಷ್ಯ ತನ್ನ ದಿಂಬು ಕೊಡಲು ಎದ್ದು ಬಂದ. ಸಡಿಲವಾಗಿ ಏನನ್ನೂ ತುರುಕುವಂತಿಲ್ಲ ಎಂದರು ವಿಮಾನದವರು. ಕಡೆಗೆ ಕ್ಯಾಪ್ಟನ್ನೇ ಬಂದು ಅಮ್ಮನ ಮುಂದೆ ಮೊಣಕಾಲೂರಿ ಕೂತು, ಹೀಗೆ ಹಾರಿದರೆ ನಿಮಗೆ ಪೆಟ್ಟಾಗುತ್ತದೆ ಎಂದರು. ಅಮ್ಮ ಅವರ ಕೈ ಹಿಡಿದುಕೊಂಡು, "ಇನ್ನೊಂದ್ಸಲ ನೋಡಿ. ನನ್ನ ಮಗಳು ಮಾಡಿದ್ದು, ಸರಿಯಾಗೇ ಇರುತ್ತೆ," ಅಂದಳು. ನಾನು ಅದನ್ನು ಅವರಿಗೆ ಅನುವಾದಿಸಿ ಹೇಳಲಿಲ್ಲ.

ಹನ್ನೆರಡು ಇಂಚು ಎಂದು ಎರಡು ಸಲ ಬರೆದಿದ್ದೆ ಅಕ್ಕ. ದಿನಾ ರೋಗಿಗಳ ಮೈ ಎತ್ತುವವಳು ನಾನು. ನನ್ನ ಮಾತನ್ನು ಒಮ್ಮೆ, ಒಂದೇ ಒಂದು ಸಲ ನಂಬಿದ್ದರೆ ಅಮ್ಮ ಇವತ್ತು ನಿನ್ನ ಪೂರ್ವದ ಕಿಟಕಿಯ ಹತ್ತಿರ ಇರುತ್ತಿದ್ದಳು. ನಿನ್ನ ಮೇಲೆ ನನಗೆ ಎಷ್ಟು ಕೋಪ ಬಂದಿತ್ತೆಂದರೆ ಆ ಮೆತ್ತೆಯನ್ನು ಹಿತ್ತಲಿಗೆ ಎಸೆದೆ.

ಆಮೇಲೆ ತೆಗೆದುಕೊಂಡು ಬಂದೆ. ಯಾಕೆಂದರೆ ನನ್ನ ತಪ್ಪೂ ಇದೆ. ಪಾರ್ಸೆಲ್ ಬಿಚ್ಚಿದ ದಿನವೇ ನನಗೆ ಗೊತ್ತಾಗಿತ್ತು. ಹತ್ತು ದಿನ ಉಳಿದಿತ್ತು. ಇಲ್ಲೇ ಯಾರಿಂದಲಾದರೂ ಕತ್ತರಿಸಿ ಹೊಲಿಸಬಹುದಿತ್ತು. ಆದರೆ ಅಮ್ಮ ಅದರ ಮೇಲೆ ಕೈ ಇಟ್ಟು ಸವರಿದಳು. "ನೋಡೇ, ಅವಳ ಕಣ್ಣಲ್ಲಿ ನಾನಿನ್ನೂ ಹಾಗೇ ಇದೀನಿ," ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಹಲ್ಲು ಕಾಣುವ ಹಾಗೆ ನಕ್ಕಳು. ಅದನ್ನು ಕತ್ತರಿಸಲು ಬಿಡಲಿಲ್ಲ, ಟವೆಲ್ ಹಾಕಿದರಾಯಿತು ಅಂದಳು. ನಾನೂ ಒಪ್ಪಿಬಿಟ್ಟೆ.

ಈಗ ಹೊಸ ಮೆತ್ತೆ ಮಾಡಬೇಡ. ಇನ್ನು ಅವಳು ಯಾವುದರ ಮೇಲೂ ಕೂರುವುದಿಲ್ಲ. ನಿದ್ದೆ ಜಾಸ್ತಿಯಾಗಿದೆ, ಎದ್ದಾಗಲೂ ಒಂದೊಂದು ಸಲ ನನ್ನನ್ನು ಆಸ್ಪತ್ರೆಯವಳು ಎಂದುಕೊಳ್ಳುತ್ತಾಳೆ. ನೆಂಟಳ ಹಾಗೆ ಕೂರುವುದಾದರೆ ಕೂರು, ಲೋಟ ಎಲ್ಲಿದೆ ಎಂದು ನಾನೇ ತೋರಿಸುತ್ತೇನೆ. ಹೊರಟು ಬಾ.

ಗಿಣಿ


ಮೇ 16

ಗಿಣಿ,

23ಕ್ಕೆ ಹೊರಟು 24ರ ಬೆಳಿಗ್ಗೆ ಇಳಿಯುತ್ತೇನೆ. ಕತ್ತರಿಯವರು ರಜೆ ಪೂರ್ತಿ ಕೊಟ್ಟರು. ಈ ಕಾಗದ ತಲುಪುವ ಮೊದಲೇ ನಾನು ಬಂದರೂ ಬರಬಹುದು. ಆದರೂ ಬರೆಯುತ್ತಿದ್ದೇನೆ, ಎದುರು ನಿಂತು ಹೇಳಲು ನನ್ನಿಂದಾಗುವುದಿಲ್ಲ.

ನಿನ್ನ ಅಳತೆ ತಪ್ಪೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಓದಿದ ಕೂಡಲೇ ಸರಿಯೆಂದು ಗೊತ್ತಾಯಿತು. ಹನ್ನೆರಡು ಇಂಚಿನ ಅಚ್ಚು ಹಾಕಲು ಕೂತೆ. ಬಿಳಿಯ ಫೋಮಿನ ಮೇಲೆ ಗೆರೆ ಎಳೆದೆ. ಎಳೆದದ್ದು ಒಂದು ಸಣ್ಣ ಹುಡುಗಿ ಕೂರುವಷ್ಟು ಜಾಗ. ಇಷ್ಟೇ ಉಳಿದಿದ್ದಾಳಾ ಅನ್ನಿಸಿತು. ಅಷ್ಟನ್ನು ಕತ್ತರಿಸಲು ಕೈ ಬರಲಿಲ್ಲ. ಗೆರೆ ಅಳಿಸಿ ಹದಿನೆಂಟು ಎಳೆದೆ. ಆಮೇಲೆ ನಿನ್ನನ್ನು ಹೀಯಾಳಿಸಿ ಬರೆದೆ, ಕ್ಷಮಿಸು. ಅಳತೆಯಲ್ಲಿ ತಪ್ಪದವಳು ಎಂದು ವರ್ಕ್‌ಶಾಪಿನಲ್ಲಿ ನನಗೆ ಹೆಸರು.

ಬರುತ್ತಿದ್ದೇನೆ.

ಅಕ್ಕ


ಜುಲೈ 2

ಅಕ್ಕ,

ಅಮ್ಮ ಹೋಗಿ ಒಂದು ತಿಂಗಳ ಮೇಲಾಯಿತು. ಅವಳ ಕೋಣೆಯ ಬಾಗಿಲು ತೆರೆದೇ ಇದೆ, ಒಳಗೆ ಹೋಗುವ ಕೆಲಸ ಮಾತ್ರ ಯಾರಿಗೂ ಇಲ್ಲ. ಮಗಳು ಶಾಲೆಯಿಂದ ಬಂದವಳು ಅಭ್ಯಾಸಬಲದಿಂದ ಬಾಗಿಲ ತನಕ ಹೋಗಿ ತಿರುಗುತ್ತಾಳೆ.

ಹೋದ ವಾರ ಮತ್ತೆ ಕೆಲಸಕ್ಕೆ ಸೇರಿದೆ. ಒಬ್ಬ ಅಜ್ಜಿಯನ್ನು ಕರೆದುಕೊಂಡು ಹೋದೆ. ವಿಮಾನ ಏರುವ ಮೊದಲು ಅವರ ಬೆಲ್ಟು ಕಟ್ಟುವಾಗ ನನ್ನ ಕೈಯೇ ಆಡಲಿಲ್ಲ. ವಿಮಾನದ ಹುಡುಗಿ ಬಂದು ಕಟ್ಟಿದಳು.

ನನಗಿರುವ ಸಮಾಧಾನ ಒಂದೇ. ನೀನು ಬಂದ ಬೆಳಿಗ್ಗೆ, ನಾನು ಇಂಜೆಕ್ಷನ್ ತರಲು ಆಸ್ಪತ್ರೆಗೆ ಹೋದ ಆ ಒಂದು ಗಂಟೆ, ಅಮ್ಮ ಎಚ್ಚರವಾಗಿದ್ದಳು, ನಿನ್ನನ್ನು ಗುರುತಿಸಿದಳು ಎಂದೆಯಲ್ಲ, ಅದು. ಆಮೇಲೆ ಹೋಗುವವರೆಗೆ ಎರಡು ದಿನ ಅವಳು ಕಣ್ಣೇ ಬಿಡಲಿಲ್ಲ. ಆ ಗಂಟೆಯಾದರೂ ನಿಮಗೆ ಸಿಕ್ಕಿತಲ್ಲ. ಏನು ಮಾತಾಡಿದಿರಿ ಎಂದು ಆಗ ಕೇಳಲಿಲ್ಲ, ನಿಮ್ಮಿಬ್ಬರ ಮಾತು ನಿಮಗಿರಲಿ ಅಂದುಕೊಂಡೆ. ಈಗ ಕೇಳಬೇಕೆನಿಸುತ್ತದೆ. ಹೇಳಬಹುದಾದರೆ ಹೇಳು.

ಗಿಣಿ


ಜುಲೈ 15

ಗಿಣಿ,

ಅವಳು ನನ್ನನ್ನು ಗುರುತಿಸಲಿಲ್ಲ. ನೀನು ಬಾಗಿಲಲ್ಲಿ ನಿಂತು, "ಗುರುತು ಹಿಡಿದ್ಲಾ?" ಎಂದು ಕೇಳಿದಾಗ ನಿನ್ನ ಮುಖ ನೋಡಿ ಹೌದೆಂದೆ. ಈಗ ಆ ಸುಳ್ಳು ನನಗೆ ಭಾರವಾಗುತ್ತಿದೆ.

ವಿಮಾನ ಹತ್ತಿ ಹಿಂದಿನ ನನ್ನ ಸೀಟಿಗೆ ಹೋಗಲು ಮುಂದಿನ ಬಿಸಿನೆಸ್ ಕ್ಲಾಸನ್ನು ದಾಟಿ ಹೋಗಬೇಕಿತ್ತು. ನಾವು ಹೊಲಿದ ಸೀಟುಗಳೇ. ಜನ ಆಗಲೇ ಚಪ್ಪಲಿ ಬಿಚ್ಚಿ ಕಾಲು ಚಾಚಿದ್ದರು. ಒಬ್ಬರೂ ತಾವು ಕೂತ ಸೀಟಿನ ಕಡೆ ನೋಡುತ್ತಿರಲಿಲ್ಲ. ಕೂತವರಿಗೆ ಸೀಟಿನ ನೆನಪೇ ಬರಬಾರದು, ಆಗಲೇ ಅದು ಸರಿಯಾದ ಸೀಟು. ಮೂರನೇ ಸಾಲಿನ ಕಿಟಕಿಯ ಸೀಟು ಇನ್ನೂ ಖಾಲಿಯಿತ್ತು. ಅಲ್ಲಿ ನಿಂತುಬಿಟ್ಟೆ. ಹಿಂದಿನವರು, "ಮುಂದೆ ಹೋಗಿ," ಎಂದಾಗ ಹೋದೆ.

ನೀನು ಆಸ್ಪತ್ರೆಗೆ ಹೋದ ಸ್ವಲ್ಪ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟಳು. ನೋಡಿಯೇ ನೋಡಿದಳು. ಹನ್ನೆರಡು ವರ್ಷದ ಹಿಂದಿನ ನನ್ನನ್ನು ಅವಳು ಇಟ್ಟುಕೊಂಡಿದ್ದಳೇನೋ, ದುಂಡು ಮುಖ, ಕಪ್ಪು ಜಡೆ. ಎದುರು ಕೂತಿದ್ದವಳು ಬಿಳಿ ಕೂದಲಿನ, ಕನ್ನಡಕದ ಹೆಂಗಸು. "ಅಮ್ಮ, ನಾನು," ಅಂದೆ. ಅಷ್ಟು ದಿನ ಹೇಳಿಕೊಂಡು ನೋಡಿದ್ದರಲ್ಲಿ ನಾಲಿಗೆಗೆ ಬಂದದ್ದು ಅಷ್ಟೇ.

"ನೀವು ವಿಮಾನದವರಾ?" ಎಂದು ಕೇಳಿದಳು.

ಅಮ್ಮ ನನ್ನನ್ನು ನೀವು ಅಂದಳು ಗಿಣಿ. ಹೌದು, ಸೀಟಿನ ಕೆಲಸದವಳು ಎಂದೆ. ಅದು ಸುಳ್ಳಲ್ಲವಲ್ಲ.

ಅವಳಿಗೆ ಗಾಬರಿಯಾಯಿತು. ಏಳಲು ನೋಡಿದಳು, ನಾನು ಹಿಡಿದೆ. "ಆ ಮೆತ್ತೆ ವಿಚಾರಕ್ಕೆ ಬಂದ್ರಾ? ಮೆತ್ತೆ ಸರಿಯಾಗಿತ್ತು. ನನಗೇ ಜ್ವರ ಬಂದಿತ್ತು. ನೂರಾ ಎರಡು. ಮೆತ್ತೇದು ತಪ್ಪು ಅಂತ ಮಾತ್ರ ಬರೀಬೇಡಿ. ನನ್ನ ದೊಡ್ಡ ಮಗಳು ಮಾಡಿದ್ದು. ಇಪ್ಪತ್ತು ವರ್ಷದ ಕೆಲಸ, ಅವಳಿಗೆ ತೊಂದರೆ ಆಗ್ಬಾರದು," ಅಂದಳು. ಇಲ್ಲಮ್ಮ, ಬರೆಯುವುದಿಲ್ಲ ಎಂದೆ. ಅಷ್ಟಕ್ಕೆ ಬಿಡಲಿಲ್ಲ. "ಸರಿಯಾಗಿತ್ತು ಅಂತ ಬರ್ಕೊಳ್ಳಿ. ನನ್ನೆದುರೇ ಬರೀರಿ," ಅಂದಳು. ಕೈಚೀಲದಲ್ಲಿ ಬೇರೆ ಕಾಗದ ಇರಲಿಲ್ಲ. ಪಾಸ್‌ಪೋರ್ಟಿನ ಜೊತೆಗಿದ್ದ ಬೋರ್ಡಿಂಗ್ ಪಾಸಿನ ಹಿಂದೆ ಬರೆದೆ: ಮೆತ್ತೆ ಸರಿಯಾಗಿತ್ತು. ಓದಿಸಿದಳು. ಓದಿದೆ. ಆಮೇಲೆ ಅವಳ ಮುಖದಲ್ಲಿ ಬಂದ ಸಮಾಧಾನವನ್ನು ನೋಡಿ ನನಗೆ ಬಾಯಿ ತೆರೆಯಲಾಗಲಿಲ್ಲ. ಅಮ್ಮ, ನಾನೇ ನಿನ್ನ ಪುಟ್ಟಿ ಎಂದಿದ್ದರೆ ಮಗಳನ್ನು ಉಳಿಸಿದೆನೆಂಬ ಆ ಸಮಾಧಾನವೂ ಅವಳ ಕೈಯಿಂದ ಹೋಗುತ್ತಿತ್ತು.

"ಅವಳು ಬರ್ತಾಳೆ," ಅಂದಳು ಸ್ವಲ್ಪ ಹೊತ್ತಿನ ಮೇಲೆ. "ಕೋಪ ಜಾಸ್ತಿ, ಅಷ್ಟೇ. ಬರ್ತಾಳೆ."

ಮೆತ್ತಗೆ ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ನಿಮಗೆ ತಾಯಿ ಇದ್ದಾರಾ?" ಎಂದು ಕೇಳಿದಳು.

ಇದ್ದಾರೆ ಎಂದೆ.

"ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ? ಹೋಗಿ, ಹೋಗಿ ನೋಡ್ಕೊಂಡು ಬನ್ನಿ," ಅಂದಳು. ಹಾಗೆಂದು ಕಣ್ಣು ಮುಚ್ಚಿದಳು.

ನೀನು ಬರುವವರೆಗೂ ನಾನು ಅಲ್ಲೇ ಕೂತಿದ್ದೆ.

ಅಕ್ಕ